ಸೋಪುನೀರಿನ ಬಟ್ಟಲು

ಮಾರ್ಚ್ 14, ಗುರುವಾರ.

ಮೂರು ದಿನದಿಂದ ಮಾವನ ಡೈವಿಂಗ್ ಆಕ್ಸಿಜನ್ ಸಿಲಿಂಡರ್ ನನ್ನ ತಲೆ ತಿನ್ನುತ್ತಿತ್ತು. ಎರಡು ಸಲ ವಾಷರ್ ಬದಲಿಸಿದರೂ ಸೋಪುನೀರು ಸವರಿದ ಕೂಡಲೇ ವಾಲ್ವಿನ ಕತ್ತಿನಲ್ಲಿ ಸೋರಿಕೆಯ ಗುಳ್ಳೆ ಏಳುತ್ತಿತ್ತು. ಇವತ್ತು ಸಿಲಿಂಡರ್ ಖಾಲಿ ಮಾಡಿ, ವಾಲ್ವ್ ಬಿಚ್ಚಿ, ಭೂತಗನ್ನಡಿ ಹಿಡಿದೆ. ವಾಲ್ವಿನೊಳಗೆ ವಾಷರ್ ಕೂರುವ ಲೋಹದ ಕಡ್ಡಿಯ ಮೇಲೆ ಕೂದಲೆಳೆಯಷ್ಟು ಗೀರು.

ಮಾವನಿಗೆ ತೋರಿಸಿದೆ. ನಲವತ್ತು ವರ್ಷ ಸಮುದ್ರಕ್ಕೆ ಇಳಿದವರು.

"ಯಾರು ಗೀರಿದ್ದು ಇದನ್ನ?"

"ಹಳೇ ವಾಷರನ್ನ ಸೂಜಿಯಲ್ಲಿ ಕಿತ್ತಿದ್ದು ನೀವೇ, ಮಾವ."

ಅವರು ಭೂತಗನ್ನಡಿ ನನ್ನ ಕೈಗೆ ವಾಪಸು ಕೊಟ್ಟರು.

ಹೊಸ ಕಡ್ಡಿ ಹಾಕಿದೆ. ಆಕ್ಸಿಜನ್ನಿಗೆ ಎಣ್ಣೆಯ ಪಸೆ ತಾಗಿದರೆ ಬೆಂಕಿ ಹತ್ತೀತೆಂದು ಮೂರು ದಿನದಿಂದ ನನ್ನ ತಲೆಗೂ ಎಣ್ಣೆ ಮುಟ್ಟಿಸಿರಲಿಲ್ಲ. "ಗುಬ್ಬಿ ಗೂಡು ಕಟ್ಟೀತು, ನೋಡ್ಕೋ" ಎಂದು ನನ್ನ ಕೆದರಿದ ಕೂದಲು ನೋಡಿ ಅತ್ತೆ ನಕ್ಕರು.

ಏಳು ವರ್ಷದಿಂದ, ನಾನು ರಿಪೇರಿ ಮಾಡಿದ್ದನ್ನು ಮಾವ ಮತ್ತೊಮ್ಮೆ ಸೋಪುನೀರು ಹಾಕಿ ನೋಡದೆ ಮುಟ್ಟಿದವರಲ್ಲ. ಆಕ್ಸಿಜನ್ ತುಂಬಿಸಿ ತಂದ ಮೇಲೆ ಎಂದಿನಂತೆ ಸೋಪುನೀರಿನ ಬಟ್ಟಲು ಮುಂದಿಟ್ಟೆ. ಅವರು ಅದನ್ನು ಪಕ್ಕಕ್ಕೆ ಸರಿಸಿದರು.

"ನೀನು ನೋಡಿದ್ಯಲ್ಲ, ಸಾಕು."

ಸಿಲಿಂಡರ್ ಹೆಗಲಿಗೇರಿಸಿ ದೋಣಿಯ ಕಡೆ ನಡೆದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಅವರು ಸಿಲಿಂಡರ್ ಒಯ್ಯಲು ಬರುವ ಮೊದಲೇ ನಾನು ಮೂರು ಸಲ ಸೋಪುನೀರು ಸವರಿ ನೋಡಿದ್ದೆ, ಒಂದು ಗುಳ್ಳೆಯೂ ಎದ್ದಿರಲಿಲ್ಲ. ಮೂರು ಸಲ ಎಂಬುದನ್ನು ಮಾತ್ರ ಅವರಿಗೆ ಹೇಳುವುದಿಲ್ಲ.