ಎಡಗಡೆಯ ಕಲೆ

ಮಂಗಳವಾರ, ಹದಿನಾಲ್ಕು.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅತ್ತೆ ನನ್ನನ್ನು ಹೊಗಳಿದರು. ಕೆನ್ನೆಗೆ ಬಾರಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಕಣ್ಣಿಗೆ ಪೊರೆ ಬಂದು ಬಾಗಿಲೂ ಸರಿಯಾಗಿ ಕಾಣದವರಿಗೆ ನಾನು ಒಗೆದ ಬಟ್ಟೆಯ ಕೊಳೆ ಮಾತ್ರ ಕಾಣುತ್ತಿತ್ತು. ನೆಂಟರ ಮುಂದೆಲ್ಲ "ನಮ್ಮ ಸೊಸೆ ಗಲೀಜು" ಎಂದು ಆಡಿಕೊಳ್ಳುತ್ತಿದ್ದರು. ಹಾಗಾಗಿ ಅವರ ಒಳಬಟ್ಟೆಯಲ್ಲಿ, ಎಡ ಮೊಲೆತೊಟ್ಟಿನ ಜಾಗದಲ್ಲಿ, ಮೊದಲ ಸಲ ರಕ್ತದ ಕಲೆ ಕಂಡಾಗ ನನಗೆ ಖುಷಿಯೇ ಆಯಿತು, ಸುಳ್ಳೇಕೆ? ಈಗ ಗಲೀಜು ಯಾರಮ್ಮ? ತಣ್ಣೀರಲ್ಲಿ ನೆನೆಸಿ ಉಜ್ಜಿದೆ. ಎರಡು ದಿನ ಬಿಟ್ಟು ಮತ್ತೆ ಕಂಡಿತು. ಆರು ತಿಂಗಳು ಉಜ್ಜಿದೆ, ತುಟಿಪಿಟಿಕ್ ಅನ್ನಲಿಲ್ಲ.

ಇವತ್ತು ಡಾಕ್ಟರಮ್ಮ ರಿಪೋರ್ಟ್ ಕೆಳಗಿಟ್ಟು ಹೇಳಿದರು: "ಕ್ಯಾನ್ಸರ್. ಕಂಕುಳಿಗೂ ಹಬ್ಬಿದೆ. ಶುರುವಲ್ಲೇ ಬಂದಿದ್ರೆ ಇಷ್ಟು ಕಷ್ಟ ಇರ್ತಿರಲಿಲ್ಲ. ಬಟ್ಟೆ ಮೇಲೆ ಕಲೆ ಏನಾದ್ರೂ ಕಾಣಿಸ್ತಿತ್ತಾ?"

ಅತ್ತೆ ನನ್ನ ಕೈ ಹಿಡಿದುಕೊಂಡರು. "ಒಂದು ಚುಕ್ಕೇನೂ ಇಲ್ಲ ಡಾಕ್ಟ್ರೇ. ನನ್ನ ಬಟ್ಟೆಯೆಲ್ಲ ಒಗೆಯೋದು ಇವಳೇ, ಕೇಳಿ ಬೇಕಾದ್ರೆ. ಇವಳಷ್ಟು ಚೊಕ್ಕಟವಾಗಿ ಒಗೆಯೋರನ್ನ ನಾನು ನೋಡಿಲ್ಲ."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ. ಹೊಗಳಿಕೆಗೆ ನಾಚಿದೆ ಅಂದುಕೊಂಡಿರಬೇಕು.

ಮನೆಗೆ ಬಂದವಳೇ ಇವತ್ತಿನದನ್ನೂ ಒಗೆದು ಹರವಿದೆ. ಕಲೆ ಇದ್ದ ಗುರುತೂ ಇಲ್ಲ.