ಏರಿನಲ್ಲಿ ಬಿಸಿಯಾಗುವ ಕಾರು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ನನಗೂ ಎದುರಾಡಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಬೇಕೆಂದೇ ಕಾರು ಕೆಡಿಸುತ್ತಿದ್ದಾರೆ ಎಂದು ಬರೆದಿದ್ದೀಯ. ಊರಿನ ಕಾರುಗಳನ್ನೆಲ್ಲ ರಿಪೇರಿ ಮಾಡುವವರಿಗೆ ತಮ್ಮದೊಂದು ಕಾರು ಸರಿಮಾಡಲು ಆಗುವುದಿಲ್ಲವೆಂದರೆ ಯಾರು ನಂಬುತ್ತಾರೆ ಎಂದು ಕೇಳಿದ್ದೀಯ. ಮಗುವಿನ ಮೊದಲ ಹುಟ್ಟುಹಬ್ಬಕ್ಕೂ ಅಮ್ಮ ಬರದಿದ್ದರೆ ಈ ಮನೆಯ ಸಂಬಂಧ ಮುಗಿಯಿತು ಎಂದೂ ಬರೆದಿದ್ದೀಯ. ಆ ಸಾಲಿನ ಕೆಳಗೆ ಗೆರೆ ಬೇರೆ ಎಳೆದಿದ್ದೀಯ. ಗೆರೆ ಇಲ್ಲದಿದ್ದರೂ ನನಗೆ ಕಾಣುತ್ತಿತ್ತು.

ನಿನ್ನ ಮದುವೆಯಲ್ಲಿ ಅಪ್ಪ ಮುಖ ಗಂಟು ಹಾಕಿಕೊಂಡೇ ಓಡಾಡಿದ್ದು ನಿಜ. ಆದರೆ ಕಾರಿನ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ, ಕೇಳು.

ಬಸ್ಸಿನಲ್ಲಿ ಅಮ್ಮನಿಗೆ ತಲೆ ಸುತ್ತುತ್ತದೆ, ಆದ್ದರಿಂದ ನಿನ್ನಲ್ಲಿಗೆ ಬರಲು ಕಾರೇ ಆಗಬೇಕು. ಪ್ರತಿ ಸಲವೂ ಒಂದೇ ಕಥೆ. ಸೇತುವೆಯವರೆಗೆ ಕಾರು ಚೆನ್ನಾಗಿಯೇ ಓಡುತ್ತದೆ. ಸೇತುವೆ ದಾಟಿದ ಮೇಲೆ ಉದ್ದನೆಯ ಏರು, ಮುಂದೆಲ್ಲ ಲಾರಿಗಳ ಸಾಲು. ಆಮೆಯಂತೆ ತೆವಳಬೇಕು. ಅಲ್ಲಿಗೆ ಬಂದೊಡನೆ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗುತ್ತದೆ. ಅದು ಕೆಂಪು ಗೆರೆ ಮುಟ್ಟುವ ಮೊದಲೇ ಅಪ್ಪ ಪಕ್ಕದ ಮರದ ನೆರಳಿಗೆ ತಂದು ನಿಲ್ಲಿಸಿಬಿಡುತ್ತಾರೆ. "ಇನ್ನೂ ಎಳೆದ್ರೆ ಎಂಜಿನ್ನೇ ಹೋಗುತ್ತೆ" ಎನ್ನುತ್ತಾರೆ. ಅಮ್ಮ ಡಬ್ಬಿ ಬಿಚ್ಚುತ್ತಾಳೆ. ಊಟ ಮಾಡುತ್ತೇವೆ. ಎಂಜಿನ್ ತಣ್ಣಗಾದ ಮೇಲೆ ಮನೆಗೆ ಹಿಂತಿರುಗುತ್ತೇವೆ. ಆಮೇಲೆ ನಿನಗೆ ಫೋನು.

ಅಪ್ಪ ಕೈ ಕಟ್ಟಿ ಕೂತಿರಲಿಲ್ಲ. ಮೊದಲು ರೇಡಿಯೇಟರಿನ ಮುಚ್ಚಳ ಬದಲಾಯಿಸಿದರು. ಪಂಪು ಹಚ್ಚಿ ಗಾಳಿಯ ಒತ್ತಡ ಕೊಟ್ಟು, ಎಂಜಿನ್ ತಣ್ಣಗಿಡುವ ಕೂಲೆಂಟ್ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಿದರು. ಒಂದು ಹನಿಯೂ ಇಲ್ಲ. ಎಂಜಿನ್ ಆಯಿಲ್‌ನಲ್ಲಿ ನೀರು ಬೆರೆತಿದೆಯೇ ಎಂದು ಆಯಿಲ್ ಅಳೆಯುವ ಕಡ್ಡಿ ಎಳೆದು ನನಗೂ ತೋರಿಸಿದರು, ಬೆರೆತಿರಲಿಲ್ಲ. ಹಳೆಯ ಕೂಲೆಂಟ್ ಬಸಿದು, ರೇಡಿಯೇಟರ್ ತೊಳೆದು, ಹೊಸದು ತುಂಬಿದರು. ಪೈಪುಗಳೂ ಹೊಸವು. ಆದರೂ ಮುಂದಿನ ಸಲ ಅದೇ ಏರು, ಅದೇ ಮರ.

ಒಂದು ಸಂಜೆ ಥರ್ಮೋಸ್ಟಾಟ್ ಬಿಚ್ಚಿಕೊಂಡು ಅಡುಗೆಮನೆಗೇ ಬಂದರು. ನೀರು ಬಿಸಿಯಾದಾಗ ತಾನಾಗಿ ತೆರೆದು ದಾರಿ ಬಿಡುವ ಪುಟ್ಟ ಬಾಗಿಲು ಅದು. ಅಮ್ಮ ಟೀ ಮಾಡುವ ಪಾತ್ರೆಯಲ್ಲೇ ಅದನ್ನು ಮುಳುಗಿಸಿ ಒಲೆಯ ಮೇಲಿಟ್ಟರು. "ನಾಳೆಯಿಂದ ಟೀನೂ ಗ್ಯಾರೇಜಲ್ಲೇ ಕಾಯಿಸ್ಕೊಳ್ಳಿ" ಎಂದು ಅಮ್ಮ ಗೊಣಗಿದಳು. ಮೂವರೂ ತಲೆ ಬಗ್ಗಿಸಿ ನೋಡಿದೆವು. ನೀರು ಕುದಿ ಬರುವ ಹೊತ್ತಿಗೆ ಅದು ಸದ್ದಿಲ್ಲದೆ ಬಾಯಿ ತೆರೆಯಿತು.

"ಇದೂ ಸರಿಯಾಗೇ ಇದೆಯಲ್ಲೇ" ಎಂದರು ಅಪ್ಪ.

"ಹಾಗಾದ್ರೆ ಇನ್ನೇನಿರುತ್ತೆ?" ಎಂದಳು ಅಮ್ಮ. ಅಪ್ಪ ಒಲೆ ಆರಿಸಿದರು.

ಪಕ್ಕದ ಟೈರ್ ಅಂಗಡಿಯವನಿಗೆ ಇದೊಂದು ಮೋಜು. ಗಿರಾಕಿಗಳು ತುಂಬಿರುವಾಗಲೇ ಕೂಗುತ್ತಾನೆ: "ಏನ್ ಮೇಸ್ತ್ರಿ, ಊರಿಗೆಲ್ಲ ಡಾಕ್ಟ್ರು, ನಿಮ್ಮನೆ ಜ್ವರ ಮಾತ್ರ ಬಿಡ್ತಿಲ್ವಲ್ಲ!" ಅಪ್ಪ ನಗುತ್ತಾರೆ. ಕಳೆದ ತಿಂಗಳು ಹಳೆಯ ಗಿರಾಕಿಯೊಬ್ಬ ಆ ಮಾತು ಕೇಳಿ ತನ್ನ ಗಾಡಿಯನ್ನು ಬೇರೆ ಕಡೆ ಒಯ್ದ. ಆಗಲೂ ಅಪ್ಪ ನಕ್ಕರು. ನಾನು ಬಿಲ್ಲು ಬರೆಯುವ ಮೇಜಿನ ಮುಂದೆ ಕೂತು ಪುಸ್ತಕದ ಒಂದೇ ಪುಟವನ್ನು ಮತ್ತೆ ಮತ್ತೆ ಓದಿದೆ.

ನನಗೆ ಅರ್ಥವಾಗದ್ದು ಒಂದಿತ್ತು. ಕೆಲಸಕ್ಕೆ ಸೇರಿದವರಿಗೆಲ್ಲ ಅಪ್ಪ ಹೇಳುವ ಮೊದಲ ಪಾಠ ನಿನಗೂ ಬಾಯಿಗೆ ಬರುತ್ತದೆ: ಗಾಡಿ ಬಿಸಿಯಾಯ್ತು ಅಂದ್ರೆ ಮೊದ್ಲು ಕಿವಿ ಕೊಡು, ಫ್ಯಾನ್ ತಿರುಗ್ತಿದೆಯಾ ಕೇಳು, ಆಮೇಲೆ ನೀರು ನೋಡು. ವೇಗವಾಗಿ ಓಡುವಾಗ ಎದುರುಗಾಳಿಯೇ ಸಾಕು; ತೆವಳುವಾಗ ರೇಡಿಯೇಟರಿಗೆ ಫ್ಯಾನಿನ ಗಾಳಿಯೇ ಗತಿ. ಶೆಡ್ಡಿನಲ್ಲಿ ನಿಲ್ಲಿಸಿ ಎಂಜಿನ್ ಓಡಿಸಿದರೆ ಫ್ಯಾನ್ ಚೆನ್ನಾಗಿಯೇ ತಿರುಗುತ್ತಿತ್ತು. ಆದರೆ ಆ ಮರದ ಕೆಳಗೆ ಅಪ್ಪ ಒಮ್ಮೆಯೂ ಫ್ಯಾನಿಗೆ ಕಿವಿ ಕೊಟ್ಟದ್ದನ್ನು ನಾನು ಕಾಣಲಿಲ್ಲ. ನಿಲ್ಲಿಸಿದ ಕೂಡಲೇ ಕೀಲಿ ತಿರುಗಿಸಿ ಎಂಜಿನ್ ಆರಿಸಿಬಿಡುತ್ತಿದ್ದರು. ನೀನು ಹೇಳಿದ್ದೇ ನಿಜವಿರಬಹುದೇ ಎಂದು ನನಗೂ ಅನಿಸಿತು. ಹಾಗೆ ಅನಿಸಿದ್ದಕ್ಕೆ ಅಪ್ಪನ ಮುಖ ನೋಡಲು ಆಗುತ್ತಿರಲಿಲ್ಲ.

ಕಳೆದ ಭಾನುವಾರ ಮತ್ತೆ ಹೊರಡುವುದಿತ್ತು. ಬೆಳಗ್ಗೆ ಅಪ್ಪ ಸ್ನಾನಕ್ಕೆ ಹೋಗಿದ್ದರು. ನಾನು ತಿಂಡಿಯ ಚೀಲವನ್ನು ಕಾರಿನಲ್ಲಿಡಲು ಶೆಡ್ಡಿನ ಹಿಂಬಾಗಿಲಿಗೆ ಬಂದೆ. ಕಾರಿನ ಬಾನೆಟ್ ತೆರೆದಿತ್ತು. ಅದರೊಳಗೆ ಬಗ್ಗಿದ್ದವಳು ಅಮ್ಮ. ನಿನ್ನಲ್ಲಿಗೆಂದೇ ಎತ್ತಿಟ್ಟಿರುವ ಸೀರೆ ಉಟ್ಟಿದ್ದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಒಂದು ಕೈಯಿಂದ ಫ್ಯಾನಿನ ವೈರಿನ ಪ್ಲಗ್ಗು ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಕೊಂಡಿ ಒತ್ತಿ, ಎಳೆದು ಬಿಡಿಸಿದಳು. ಬಿಡಿಸಿದ ತುದಿಯನ್ನು ಬೇರೆ ವೈರುಗಳ ಸಂದಿಯಲ್ಲಿ ಸಿಕ್ಕಿಸಿದಳು. ಬಾನೆಟ್ಟನ್ನು ಸದ್ದಾಗದಂತೆ ಎರಡೂ ಅಂಗೈಗಳಿಂದ ಅದುಮಿ ಮುಚ್ಚಿದಳು. ಆಮೇಲೆ ನಲ್ಲಿಯ ಹತ್ತಿರ ಕೂತು ಸೋಪಿನ ಪುಡಿ ಹಾಕಿ ಕೈ ಉಜ್ಜಿದಳು, ಉಜ್ಜಿದಳು, ಉಜ್ಜುತ್ತಲೇ ಇದ್ದಳು.

ಆ ದಿನವೂ ಮರದ ಕೆಳಗೆ ಊಟ ಮಾಡಿ ಹಿಂತಿರುಗಿದೆವು. ಸಂಜೆ ಅವಳು ಪ್ಲಗ್ಗನ್ನು ಮತ್ತೆ ಸೇರಿಸುವಾಗ ನಾನು ಹಿಂದೆ ಹೋಗಿ ನಿಂತೆ. ಅವಳು ಬೆಚ್ಚಲಿಲ್ಲ. "ಬಂದ್ಯಾ? ಆ ಲೈಟ್ ಹಿಡಿ" ಎಂದಳು. ಹಿಡಿದೆ. ಅಕ್ಕನ ಮನೆಗೆ ಹೋಗಲು ಇಷ್ಟವಿಲ್ಲವೇ ಎಂದು ಕೇಳಿದೆ.

"ಹೋಗೋಕೆ ಇಷ್ಟ ಇಲ್ಲ ಅಂತಲ್ಲ ಕಣೇ. ಹೊರಡೋದು ಅಂದ್ರೆ ನಂಗೆ ಆಸೆನೇ. ಅಲ್ಲಿಗೆ ತಲುಪ್ಬಾರ್ದು, ಅಷ್ಟೆ."

ನಂತರ ಕೈಗವಸಿನ ವಿಷಯ ಹೇಳಿದಳು.

ಅಕ್ಕ, ನಿನ್ನ ಬಾಣಂತನಕ್ಕೆ ಬಂದ ಅಮ್ಮ ಅಪ್ಪನ ಊಟದ ನೆಪ ಹೇಳಿ ಬೇಗನೆ ಹಿಂತಿರುಗಿದಾಗ, ಅಪ್ಪನೇ ಕರೆಸಿಕೊಂಡರು ಎಂದು ನೀನು ರೇಗಿದ್ದೆ. ನೀನು ಕೊಟ್ಟ ಆಸ್ಪತ್ರೆಯ ತೆಳು ರಬ್ಬರ್ ಕೈಗವಸುಗಳ ಪೆಟ್ಟಿಗೆಯ ಬಗ್ಗೆ ಅಮ್ಮ ಯಾರಿಗೂ ಹೇಳಿರಲಿಲ್ಲ. "ಉಗುರಲ್ಲೆಲ್ಲ ಕಪ್ಪು ಕೂತಿದೆಯಲ್ಲಮ್ಮ, ಮಗೂನ ಎತ್ಕೊಳ್ಳೋವಾಗ ಇದನ್ನ ಹಾಕ್ಕೋ" ಎಂದೆಯಂತೆ. ಅದು ಕೊಳೆಯಲ್ಲ ಎಂದು ನಿನಗೆ ಗೊತ್ತಿಲ್ಲವೇ? ನಾವಿಬ್ಬರೂ ಓದುತ್ತಿದ್ದಷ್ಟು ವರ್ಷ ಅವಳು ಬಿಚ್ಚಿದ ಎಂಜಿನ್ನಿನ ಭಾಗಗಳನ್ನು ಡೀಸೆಲ್ಲಿನಲ್ಲಿ ತೊಳೆದಳು. ಆ ಕಪ್ಪು ಬಣ್ಣ ಕೈಯ ಬಿರುಕುಗಳೊಳಗೆ ಸೇರಿಕೊಂಡಿದೆ. ಯಾವ ಸೋಪಿಗೂ ಹೋಗುವುದಿಲ್ಲ.

ಅಮ್ಮ ನಿನ್ನನ್ನು ಬೈಯಲಿಲ್ಲ. ನೀನು ಮಾಡಿದ್ದು ಸರಿಯೇ, ಮಗುವಿಗೆ ಏನಾದರೂ ಸೋಂಕು ತಗುಲಿದರೆ ಎಂದಳು. ಆಮೇಲೆ ಪ್ಲಗ್ಗನ್ನು ಟಕ್ಕೆಂದು ಒತ್ತಿ ಹೇಳಿದಳು: "ಮಗು ನನ್ ಬೆರಳು ಎಷ್ಟು ಗಟ್ಟಿಯಾಗಿ ಹಿಡ್ಕೊಳ್ತು ಗೊತ್ತಾ? ಆದ್ರೆ ಅದು ಹಿಡ್ಕೊಂಡಿದ್ದು ರಬ್ಬರನ್ನ."

ಮೊಮ್ಮಗುವನ್ನು ಅಮ್ಮ ಇದುವರೆಗೆ ಮುಟ್ಟಿಲ್ಲ, ಅಕ್ಕ. ಎತ್ತಿಕೊಂಡಿದ್ದಾಳೆ, ಮುಟ್ಟಿಲ್ಲ.

ಇದನ್ನು ಓದಿ ನೀನು ಫೋನು ಹಚ್ಚುತ್ತೀಯ, ಅಳುತ್ತೀಯ. ದಯವಿಟ್ಟು ಬೇಡ. ನೀನು ಅತ್ತರೆ ಅಮ್ಮ ನಿನ್ನನ್ನೇ ಸಮಾಧಾನ ಮಾಡುತ್ತಾಳೆ, ಹೊಸ ಸೋಪು ತರಿಸುತ್ತಾಳೆ, ಎಲ್ಲ ತನ್ನದೇ ತಪ್ಪು ಎನ್ನುತ್ತಾಳೆ. ಅದನ್ನು ನೋಡುವುದು ನನ್ನಿಂದಾಗದು. ಅಪ್ಪನ ಮೇಲೆ ಹೊರಿಸಿದ್ದನ್ನು ಮಾತ್ರ ಇಳಿಸು.

ಹುಟ್ಟುಹಬ್ಬಕ್ಕೆ ನಾವು ಖಂಡಿತ ಹೊರಡುತ್ತೇವೆ. ಮಗುವಿಗೆಂದು ಅಮ್ಮ ಹೊಲಿದ ಅಂಗಿ ಚೀಲದಲ್ಲಿ ಸಿದ್ಧವಾಗಿದೆ. ಬೆಳಗ್ಗೆಯೇ ಹೊರಡುತ್ತೇವೆ. ಊಟಕ್ಕೆ ನಮಗಾಗಿ ಕಾಯಬೇಡ.

ನೀನೇ ಇಟ್ಟ ಹೆಸರಿನ,
ಮೂಗಿ

ಮರೆತಿದ್ದೆ: ನಿನ್ನೆ ಅಪ್ಪ ರೇಡಿಯೇಟರಿನ ಫ್ಯಾನಿಗೆ, ಬೇಕೆಂದಾಗ ಆರಿಸುವಂತೆ, ಹೊಸದೊಂದು ಸ್ವಿಚ್ಚು ಜೋಡಿಸಿದರು. ಅಮ್ಮ ಕೂರುವ ಸೀಟಿನ ಮುಂದೆ, ಅವಳ ಕೈಗೆ ಸುಲಭವಾಗಿ ಎಟಕುವ ಜಾಗದಲ್ಲಿ. ಏಕೆಂದು ಅಮ್ಮ ಕೇಳಲಿಲ್ಲ. ಅಪ್ಪ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ, "ಬಗ್ಗಿದ್ರೆ ನಿಂಗೆ ಸೊಂಟ ನೋಯುತ್ತೆ" ಎಂದಷ್ಟೇ ಹೇಳಿ ಟೈರ್ ಅಂಗಡಿಯವನ ಜೊತೆ ಟೀ ಕುಡಿಯಲು ಹೋದರು.