ಹತ್ತಿತು, ನಿಲ್ಲಲಿಲ್ಲ

ಉತ್ತರ ಒಂಟಾರಿಯೊ, ನವೆಂಬರ್

ಅಕ್ಕಾ,

ಕಾರು ಕಾರ್ಖಾನೆಯಲ್ಲಿ ಇಷ್ಟು ವರ್ಷ ಗಾಲಿಗಳ ಬೋಲ್ಟು ತಿರುಪಿದ ನನಗೇ ಏನು ಕೊಳ್ಳಬೇಕೆಂದು ತಿಳಿಯಲಿಲ್ಲ. ಮುಷ್ಕರ ಶುರುವಾದೊಡನೆ ಇಲ್ಲಿನ ಗಣಿ ಕಂಪನಿ ಕಾರ್ಮಿಕರ ಮಕ್ಕಳ ಶಾಲಾ ಬಸ್ಸು ನಿಲ್ಲಿಸಿತು. ಗಣಿಯವರ ನೆರವಿಗೆಂದು ನನ್ನನ್ನು ಇಲ್ಲಿಗೆ ಕಳಿಸಿದ ನಮ್ಮ ಕಾರ್ಮಿಕ ಸಂಘ, ಅವರನ್ನು ಗುಡ್ಡದಾಚೆಯ ಶಾಲೆಗೆ ಒಯ್ಯುವ ಕೆಲಸ ಕೊಟ್ಟಿದೆ. ನಾಲ್ಕೂ ಗಾಲಿ ಎಳೆಯುವ ಹೊಸ ಗಾಡಿಯೋ, ಹಳೆ ವ್ಯಾನಿಗೆ ಚಳಿಗಾಲದ ಟೈರೋ, ಒಂದಕ್ಕಷ್ಟೇ ಹಣವಿತ್ತು.

ಇವತ್ತು ಹೊಸದನ್ನು ಓಡಿಸಿ ನೋಡಿದೆ. ಏರನ್ನು ಮೇಕೆಯಂತೆ ಹತ್ತಿತು. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ನಿಲ್ಲದೆ ಜಾರಿ ಹಿಮದ ರಾಶಿಗೆ ಮೂತಿ ತೂರಿಸಿತು. ಪಕ್ಕದಲ್ಲಿ ಕೂತಿದ್ದ ಮುಷ್ಕರದವರಿಗೆ ಅಡುಗೆ ಮಾಡುವ ಅರ್ನೆಸ್ಟೀನ್ ನಕ್ಕಳು.

"ಹೊರಡೋಕೆ ನಾಲ್ಕು ಗಾಲಿ ಎಳೆದ್ರೆ ಸಾಕು ಕಣೇ ತಾಯಿ, ನಿಲ್ಲೋಕೆ ಚಳೀಲೂ ಗಟ್ಟಿಯಾಗದ ಮೆತ್ತನೆ ರಬ್ಬರ್ ಬೇಕು."

"ಇದರ ಟೈರ್ ಮೇಲೆ ಎಲ್ಲಾ ಕಾಲಕ್ಕೂ ಅಂತ ಬರೆದಿದ್ದಾರಲ್ಲ?"

"ಬರೆದೋರು ಇಲ್ಲಿಗೆ ಬಂದಿದ್ರಾ?"

ಮಾರುವವರಿಗೆ ಗಾಡಿ ಹೊರಟರೆ ಸಾಕು, ಮಕ್ಕಳು ಮನೆ ಮುಟ್ಟುವುದು ಅವರ ಲೆಕ್ಕದಲ್ಲಿಲ್ಲ. ವ್ಯಾನಿಗೇ ಟೈರು ಹಾಕಿಸಿದೆ. ಸರಿಯೋ ತಪ್ಪೋ, ಇನ್ನೂ ಗೊಂದಲ. ಸಿಕ್ಕಿಬಿದ್ದ ಗಾಡಿ ಬಿಡಿಸಲು ಹಿಮ ಅಗೆದು ಸೊಂಟ ಹಿಡಿದಿದೆ, ಬೇರೆ ಪೆಟ್ಟೇನಿಲ್ಲ. ಮಕ್ಕಳು ಹಾರ್ನ್ ಒತ್ತುತ್ತಿದ್ದಾರೆ, ಹೊರಟೆ. ನಿನ್ನ ಕಾರಿನಲ್ಲಿರುವುದೂ ಆ ಎಲ್ಲಾ ಕಾಲದ ಟೈರೇ, ಬಹುಶಃ ಕಾರ್ಖಾನೆಯಲ್ಲಿ ನಾನೇ ತಿರುಪಿದ್ದು. ನಿಮ್ಮಲ್ಲಿ ಹಿಮ ಬೀಳುವ ಮುನ್ನ ಬಿಚ್ಚಿಸಿ ಚಳಿಗಾಲದ್ದು ಹಾಕಿಸು.

ಡೆಲೋರಿಸ್